ಮನೆಯವರ ಹೆಸರು

ದಾದರ್

ಪ್ರವಾಸದ ಬಗ್ಗೆ ಬರೆಯಬೇಕಾದರೆ ಪಾಸ್‌ಪೋರ್ಟಿನ ಮೇಲೆ ಒಂದು ಮೊಹರಾದರೂ ಬಿದ್ದಿರಬೇಕು ಎಂದು ನಾನು ತಿಳಿದಿದ್ದೆ. ನನ್ನ ಪಾಸ್‌ಪೋರ್ಟ್ ಬಂದ ದಿನದಿಂದ ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿದೆ. ಆದರೆ ಮುಂಬೈಯಲ್ಲಿರುವ ನಮ್ಮವರನ್ನು ನಾವು ಹೊರನಾಡ ಕನ್ನಡಿಗರು ಎಂದು ಕರೆಯುತ್ತೇವಲ್ಲ. ಹಾಗಾದರೆ ಅವರಲ್ಲಿಗೆ ಹೋಗಿ ಬಂದವಳು ಹೊರನಾಡಿಗೆ ಹೋಗಿ ಬಂದಂತೆಯೇ ಆಯಿತು. ಈ ತರ್ಕದಲ್ಲಿ ಲೋಪವಿರಬಹುದು. ಮೈಸೂರಿನಿಂದ ಅಷ್ಟು ಹೊತ್ತು ರೈಲಿನಲ್ಲಿ ಕುಳಿತ ನನ್ನ ಬೆನ್ನು ಮಾತ್ರ ಇದನ್ನು ಪೂರ್ತಿಯಾಗಿ ಒಪ್ಪಿತು.

ನಾನು ಮೈಸೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಮುಂಬೈಯ ಒಂದು ಕನ್ನಡ ಸಂಘದವರು ತಮ್ಮ ಸದಸ್ಯರ ವಿಳಾಸ ಪುಸ್ತಕವನ್ನು ಈ ಸಲ ನಮ್ಮಲ್ಲಿ ಅಚ್ಚು ಹಾಕಿಸುತ್ತಿದ್ದರು. ಐದು ವರ್ಷದ ಹಿಂದಿನ ಪುಸ್ತಕ ಅಲ್ಲಿಯೇ ಅಚ್ಚಾಗಿತ್ತು, ಮತ್ತು ಅದರ ತುಂಬ ತಪ್ಪುಗಳಿದ್ದವು. ಸಂಘದ ಅಧ್ಯಕ್ಷರ ಹೆಸರೇ ‘ಶ್ರೀಮತಿ ವೆಂಕಟೇಶ ದೇಸಾಯಿ’ ಎಂದು ಅಚ್ಚಾಗಿತ್ತಂತೆ. ಆದ್ದರಿಂದ ಈ ಸಲ ಕರಡು ನೋಡುವವರೇ ಬರಬೇಕು, ಭಾನುವಾರದ ಕಾರ್ಯಕಾರಿ ಸಮಿತಿಯ ಎದುರಿಗೆ ಪುಟಪುಟವಾಗಿ ಒಪ್ಪಿಗೆ ಪಡೆಯಬೇಕು ಎಂದು ಹೊಸ ಕಾರ್ಯದರ್ಶಿ ಬರೆದಿದ್ದರು. ಅವರ ಹೆಸರು ಶೈಲಜಾ. ನಾನು ಉಳಿದುಕೊಳ್ಳಬೇಕಾಗಿದ್ದುದು ಚೆಂಬೂರಿನಲ್ಲಿರುವ ಅವರ ಮನೆಯಲ್ಲಿಯೇ.

ದಾದರಿನಲ್ಲಿ ಇಳಿದು ಲೋಕಲ್ ಹಿಡಿದು, ಕುರ್ಲಾದಲ್ಲಿ ಇಳಿದು, ಬೇರೆ ಲೋಕಲ್ ಹತ್ತಬೇಕು ಎಂದು ಅವರು ಬರೆದುಕೊಟ್ಟಿದ್ದರು. ಹೆಂಗಸರ ಡಬ್ಬಿಯಲ್ಲಿ ಪುಣ್ಯಕ್ಕೆ ನನಗೆ ಸೀಟು ಸಿಕ್ಕಿತು. ಕೂತು ಅರೆನಿಮಿಷವಾಗಿರಲಿಲ್ಲ, ಎದುರು ನಿಂತಿದ್ದ ಹೆಂಗಸೊಬ್ಬರು ಬಗ್ಗಿ ಕೇಳಿದರು: “ಕಹಾಂ ಉತರೋಗೆ?”

ನಮ್ಮ ಕಡೆ ಬಸ್ಸಿನಲ್ಲಿ ಯಾರಾದರೂ ಎಲ್ಲಿ ಇಳಿಯುತ್ತೀರಿ ಎಂದು ಕೇಳಿದರೆ ಅದು ಮಾತಿಗೆ ಪೀಠಿಕೆ. ಮುಂದಿನ ಪ್ರಶ್ನೆ ಯಾರ ಮನೆಗೆ ಎಂಬುದು, ಅದರ ಮುಂದಿನದು ಮದುವೆಯಾಗಿದೆಯೇ ಎಂಬುದು. ಆ ಮೂರನೆಯ ಪ್ರಶ್ನೆಯನ್ನು ತಪ್ಪಿಸಲು ನಾನು ಮೊದಲನೆಯದಕ್ಕೇ ಸರಿಯಾಗಿ ಉತ್ತರಿಸದಿರುವುದನ್ನು ರೂಢಿಸಿಕೊಂಡಿದ್ದೇನೆ. “ಸ್ವಲ್ಪ ಮುಂದೆ” ಎಂದು ಹಿಂದಿಯಲ್ಲಿ ಹೇಳಿದೆ. ಆಕೆ ನನ್ನನ್ನು ಒಂದು ಬಗೆಯಲ್ಲಿ ನೋಡಿ ಪಕ್ಕದವರನ್ನು ಕೇಳಿದರು. ಪಕ್ಕದವರು “ಘಾಟ್ಕೋಪರ್” ಎಂದರು. ಕೂಡಲೇ ಆ ಸೀಟು ಈಕೆಗೆ ನಿಗದಿಯಾಗಿಹೋಯಿತು. ಅಲ್ಲಿ ಆ ಪ್ರಶ್ನೆ ಕುತೂಹಲವಲ್ಲ, ಕಾಯ್ದಿರಿಸುವಿಕೆ. ಕುರ್ಲಾ ಬಂದಾಗ ನಾನು ಏಳುವುದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರೂ ದಾರಿ ಬಿಡಲಿಲ್ಲ. ಬಾಗಿಲು ಮುಟ್ಟುವಷ್ಟರಲ್ಲಿ ರೈಲು ಹೊರಟಿತ್ತು. ನಾನೂ ಘಾಟ್ಕೋಪರಿನಲ್ಲಿಯೇ ಇಳಿದೆ. ಸೀಟು ಗೆದ್ದ ಆ ಹೆಂಗಸು ಕಿಟಕಿಯಿಂದ ಹೇಳಿದರು: “ಬೋಲನಾ ಚಾಹಿಯೇ ನಾ, ಬೇಟಾ.” ಹೇಳಬೇಕಿತ್ತು ತಾನೆ, ಮಗಳೇ.

ಚೆಂಬೂರು

ಶೈಲಜಾ ಅವರಿಗೆ ಐವತ್ತೆಂಟು ವರ್ಷ. ಮೂಲ ಮಂಡ್ಯ, ಹುಟ್ಟಿ ಬೆಳೆದದ್ದು ಮುಂಬೈ. ಇಲ್ಲಿನ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಬಾಗಿಲು ತೆರೆದವರು ಅವರಲ್ಲ, ಉಷಾ. ವಿಜಯಪುರದ ಕಡೆಯವರು, ಶಾಲೆಯಲ್ಲಿ ಗಣಿತದ ಟೀಚರು. ಇಬ್ಬರೂ ಇಪ್ಪತ್ತೆರಡು ವರ್ಷಗಳಿಂದ ಈ ಮೂರನೆಯ ಮಹಡಿಯ ಮನೆಯಲ್ಲಿ ಒಟ್ಟಿಗಿದ್ದಾರೆ.

“ಘಾಟ್ಕೋಪರ್ ನೋಡಿಕೊಂಡು ಬಂದ್ರೇನು?” ಎಂದರು ಉಷಾ, ನಾನು ತಡವಾದ ಕಾರಣ ಹೇಳಿದಾಗ. “ಛಲೋ ಆತು. ಎಲ್ಲಾರೂ ಮೊದಲ್ನೇ ಸಲ ಹಂಗ ಮಾಡ್ತಾರ. ಇಕಿ ಕುರ್ಲಾ ಅಂತ ಬರದಾಳ, ಇಳೀಲಿಕ್ಕೆ ಮೊದ್ಲ ಹಿಂದಿನ ಸ್ಟೇಷನ್‌ದಾಗ ಎದ್ದು ನಿಂದ್ರಬೇಕು ಅಂತ ಬರದಿಲ್ಲ.”

“ಅದೂ ಬರೀಬೇಕಾ? ಕಾಮನ್ ಸೆನ್ಸ್ ಅಲ್ವಾ,” ಎಂದು ಶೈಲಜಾ ಒಳಗಿನಿಂದ ಕೇಳಿದರು.

“ಮೈಸೂರಿನವ್ರಿಗೆ ಆ ಸೆನ್ಸ್ ಯಾಕ ಬೇಕು? ಅಲ್ಲಿ ಬಸ್ಸ ಇವರು ಇಳಿಯೂತನಾ ನಿಂದರ್ತದ.”

ಅವರಿಬ್ಬರ ಮಾತು ಹೀಗೆಯೇ ನಡೆಯುತ್ತದೆ. ಒಬ್ಬರದು ಹಳೇ ಮೈಸೂರಿನ ಕನ್ನಡಕ್ಕೆ ಹಿಂದಿ ಬೆರೆತದ್ದು, ಇನ್ನೊಬ್ಬರದು ಸ್ವಲ್ಪವೂ ಕದಲದ ವಿಜಯಪುರ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಯಾರ ಕನ್ನಡವನ್ನೂ ತಿದ್ದಿಲ್ಲ. ವೃತ್ತಿಯಿಂದ ತಿದ್ದುವವಳಾದ ನನಗೆ ಅದು ಎದ್ದು ಕಂಡಿತು.

ಊಟದ ನಂತರ ಶೈಲಜಾ ಚುನಾವಣೆಯ ಕಥೆ ಹೇಳಿದರು. ಎರಡು ತಿಂಗಳ ಹಿಂದೆ ಕಾರ್ಯದರ್ಶಿ ಸ್ಥಾನಕ್ಕೆ ನಿಂತಾಗ ಎದುರಾಳಿಯ ಕಡೆಯವರು ಪಿಸುಗುಟ್ಟತೊಡಗಿದರಂತೆ. ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದಿದ್ದ ವಿಷಯ ಅದು. ಶೈಲಜಾ ಸಭೆಯಲ್ಲಿ ಎದ್ದು ನಿಂತು, “ಉಷಾ ನನ್ನ ಸಂಗಾತಿ. ಮದುವೆ ಆಗೋಕೆ ಕಾನೂನು ಬಿಡಲ್ಲ. ಬಿಟ್ಟಿದ್ದಿದ್ರೆ ನಿಮಗೆಲ್ಲಾ ಎಂದೋ ಊಟ ಹಾಕಿಸ್ತಿದ್ದೆ. ಈಗ ಹಾಲ್‌ನ ನೀರಿನ ಟ್ಯಾಂಕಿನ ವಿಷಯಕ್ಕೆ ಬರೋಣ” ಎಂದರು. ಟ್ಯಾಂಕು ಏಳು ವರ್ಷದಿಂದ ಸೋರುತ್ತಿತ್ತು. ಅವರು ಚೆನ್ನಾಗಿ ಗೆದ್ದರು.

“ಗೆದ್ದ ಮೇಲೆ ಎಲ್ಲರೂ ಅಂದ್ರು, ಶೈಲಜಾ, ನೋಡು, ನಾವು ಎಷ್ಟು ಮುಂದುವರಿದವರು, ನಿನ್ನನ್ನ ಆರಿಸಿದ್ವಿ, ಅಬ್ ಬಸ್. ಇನ್ನೇನು ಬೇಕು ಅಂತ.”

“ಬೇಕಾಗಿದ್ದು ಟ್ಯಾಂಕ್ ಅಂತ ಅವ್ರು ತಿಳಕೊಂಡಾರ,” ಎಂದರು ಉಷಾ.

ಬೇಕಾಗಿದ್ದುದು ನನ್ನ ಚೀಲದಲ್ಲಿಯೇ ಇತ್ತು. ಕರಡಿನ ಇಪ್ಪತ್ತೇಳನೆಯ ಪುಟದಲ್ಲಿ ಶೈಲಜಾ ಅವರ ಹೆಸರಿದೆ, ಅದರ ಮುಂದೆ ಮನೆಯವರ ಕಾಲಂ ಖಾಲಿ. ಉಷಾ ಅವರ ಹೆಸರು ಮೂವತ್ತೊಂದನೆಯ ಪುಟದಲ್ಲಿದೆ, ‘ಕುಮಾರಿ ಉಷಾ’ ಎಂದು, ತುರ್ತಿಗೆ ವಿಜಯಪುರದ ಅಣ್ಣನ ಫೋನ್ ನಂಬರಿನೊಂದಿಗೆ. ಹೋದ ವರ್ಷ ಮಳೆಗಾಲದಲ್ಲಿ ಕುರ್ಲಾ ಸ್ಟೇಷನ್ನಿನ ಮೆಟ್ಟಿಲ ಮೇಲೆ ಉಷಾ ಜಾರಿ ಬಿದ್ದು ಎಚ್ಚರ ತಪ್ಪಿದಾಗ, ಜೊತೆಗಿದ್ದ ಹೊಸ ಸದಸ್ಯೆಯೊಬ್ಬರು ಹಳೆಯ ಪುಸ್ತಕ ತೆಗೆದು ಅದರಲ್ಲಿದ್ದ ಇದೇ ನಂಬರಿಗೆ ಫೋನ್ ಮಾಡಿದ್ದರು. ಅಣ್ಣ ಸೊಲ್ಲಾಪುರದ ಸಂಬಂಧಿಕರಿಗೆ ಹೇಳಿದರು, ಅವರು ಠಾಣೆ ಊರಿನಲ್ಲಿದ್ದ ಯಾರಿಗೋ ಹೇಳಿದರು. ಮೂರು ಗಂಟೆಯ ನಂತರ ಸುದ್ದಿ ಚೆಂಬೂರಿಗೆ ಬಂತು.

“ಕುರ್ಲಾ ಇಲ್ಲಿಂದ ಎರಡು ಸ್ಟೇಷನ್,” ಎಂದರು ಶೈಲಜಾ. “ನಾನಿಲ್ಲಿ ಹಪ್ಪಳ ಸುಟ್ಕೊಂಡು, ಇವಳು ಯಾಕೆ ಲೇಟು ಅಂತ ಬೈಕೊಂಡು ಕೂತಿದ್ದೆ.”

ಅದಕ್ಕೇ ಅವರು ದಂಪತಿ ಸದಸ್ಯತ್ವದ ಅರ್ಜಿ ತುಂಬಿ ಸಮಿತಿಗೆ ಕೊಟ್ಟಿದ್ದರು. ಭಾನುವಾರ ಅದರ ತೀರ್ಮಾನ. ಒಪ್ಪಿದರೆ ಈ ಪುಸ್ತಕದಲ್ಲಿ, ಇಲ್ಲದಿದ್ದರೆ ಇನ್ನೈದು ವರ್ಷಕ್ಕೆ. ಮದುವೆಯ ಹಕ್ಕನ್ನು ತಾನು ಕೊಡಲಾಗದು, ಅದು ಸಂಸತ್ತಿನ ಕೆಲಸ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ ಇಬ್ಬರೂ ಅದನ್ನು ಟೀವಿಯಲ್ಲಿ ನೋಡಿದ್ದರಂತೆ. “ದೆಹಲಿಯಿಂದ ಬರೋದು ಬರೋವಾಗ ಬರಲಿ. ಆಂಟಾಪ್ ಹಿಲ್‌ನಿಂದ ಬರೋದು ಮೊದಲು ಬರಲಿ,” ಎಂದರು ಶೈಲಜಾ. ಸಂಘದ ಹಾಲ್ ಇರುವುದು ಆಂಟಾಪ್ ಹಿಲ್‌ನಲ್ಲಿ.

ನನ್ನ ವೃತ್ತಿಯಲ್ಲಿ ಒಂದು ನಿಯಮವಿದೆ. ಅನುಮಾನವಿರುವ ತಿದ್ದುಪಡಿಯನ್ನು ಪೆನ್ಸಿಲಿನಲ್ಲಿ ಬರೆಯಬೇಕು, ಖಚಿತವಾದದ್ದನ್ನು ಪೆನ್ನಿನಲ್ಲಿ. ಆ ಸಂಜೆ ಇಪ್ಪತ್ತೇಳನೆಯ ಪುಟದ ಖಾಲಿ ಕಾಲಮ್ಮಿನಲ್ಲಿ ‘ಉಷಾ’ ಎಂದು ಪೆನ್ಸಿಲಿನಲ್ಲಿ ಬರೆದೆ.

ಪವಾಯಿ

ಶನಿವಾರ ಕೆಲಸವಿರಲಿಲ್ಲ. ಉಷಾ ನನ್ನನ್ನು ಪವಾಯಿಯ ಕೆರೆಗೆ ಕರೆದುಕೊಂಡು ಹೋದರು. ನಾನು ಕೆರೆಯನ್ನು ನೋಡಿದ ಕೂಡಲೇ ಕುಕ್ಕರಹಳ್ಳಿಯೊಂದಿಗೆ ಹೋಲಿಸತೊಡಗಿದೆ. ಇದು ಮೈಸೂರಿನವರ ಕಾಯಿಲೆ, ಯಾವ ನೀರು ಕಂಡರೂ ಕುಕ್ಕರಹಳ್ಳಿಯೇ ಮೇಲು ಎಂದು ಸಾಬೀತುಪಡಿಸಬೇಕು. ಕುಕ್ಕರಹಳ್ಳಿಯಲ್ಲಿ ಜನ ಹಕ್ಕಿಗಳನ್ನು ನೋಡುತ್ತಾ ನಡೆಯುತ್ತಾರೆ. ಇಲ್ಲಿ ಮೊಸಳೆಗಳಿವೆ ಎಂದು ಫಲಕವಿತ್ತು, ಅದಕ್ಕೆ ಬೆನ್ನು ಕೊಟ್ಟು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬ ತರುಣಿ ಫಲಕದ ಕೆಳಗೇ ಕುಳಿತು ಕಚೇರಿಯ ಮೀಟಿಂಗಿನಲ್ಲಿ ಮಾತನಾಡುತ್ತಿದ್ದಳು. ಬಿಡುವು ಎಂಬ ಪದಕ್ಕೆ ಈ ಊರಿನಲ್ಲಿ ಬೇರೆ ಅರ್ಥವಿರಬೇಕು.

ನನಗೆ ಚಾರುವಿನಿಂದ ಫೋನ್ ಬಂತು. ಗ್ಯಾಸ್ ಸಿಲಿಂಡರ್ ಬಂದಿದೆ, ಬುಕ್ಕು ಎಲ್ಲಿ ಎಂದು ಕೇಳುತ್ತಿದ್ದಳು. ಹೇಳಿ ಇಟ್ಟೆ.

“ಯಾರು?” ಎಂದರು ಉಷಾ.

“ಚಾರು. ಮನೆಯಲ್ಲಿ ಜೊತೆಗಿರೋಳು.”

ಉಷಾ ಕಡಲೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. “ಎಷ್ಟು ವರ್ಷ ಆತು?”

“ನಾಲ್ಕು.”

“ನಾವೂ ಹಂಗ ಅಂತಿದ್ವಿ. ಜೋಡಿ ಇರಾಕಿ, ರೂಮ್‌ಮೇಟ್. ಹನ್ನೆರಡು ವರ್ಷ ಅಂದ್ವಿ.” ಬಿಡಿಸಿದ ಬೀಜಗಳನ್ನು ನನ್ನ ಕೈಗೆ ಹಾಕಿದರು. “ತಪ್ಪೇನಿಲ್ಲ ಬಿಡ್ರಿ. ಅವರವರಿಗೆ ತಿಳದಾಗ ಅಂದರಾತು.”

ನಾನು ಬೀಜಗಳನ್ನು ಒಂದೊಂದಾಗಿ ತಿಂದೆ. ಅವರು ಮುಂದೆ ಕೇಳಲಿಲ್ಲ. ಆಮೇಲೆ ನಾವು ಬಹಳ ಹೊತ್ತು ಮೊಸಳೆಗಾಗಿ ಕಾದೆವು. ಬರಲಿಲ್ಲ. ಆದರೂ ಅಂಥ ಒಳ್ಳೆಯ ಮಧ್ಯಾಹ್ನ ನನಗೆ ಈಚೆಗೆ ಸಿಕ್ಕಿರಲಿಲ್ಲ.

ಆಂಟಾಪ್ ಹಿಲ್

ಹಾಲ್ ಕಾಲೊನಿಯ ಒಳಗೆ, ಎರಡು ಬಿಲ್ಡಿಂಗ್‌ಗಳ ನಡುವೆ ಇತ್ತು. ಹೊಸ ಟ್ಯಾಂಕು ಹೊರಗಿನಿಂದಲೇ ಕಾಣುತ್ತಿತ್ತು. ಒಳಗೆ ಏಳು ಜನರ ಸಮಿತಿ, ಚಹಾದ ಫ್ಲಾಸ್ಕು, ತಟ್ಟೆಯ ತುಂಬ ಚಕ್ಕುಲಿ. ಚಕ್ಕುಲಿ ಅಧ್ಯಕ್ಷರ ಹೆಂಡತಿ ಕಮಲಾಬಾಯಿ ಮಾಡಿದ್ದು. ಆಕೆ ಸಮಿತಿಯಲ್ಲಿ ಇಲ್ಲ, ಆದರೆ ಯಾವ ಸಭೆಯನ್ನೂ ತಪ್ಪಿಸುವುದಿಲ್ಲವಂತೆ. ಉಷಾ ಬಂದಿರಲಿಲ್ಲ. “ನನ್ನ ಹೆಸರಿನ ಮ್ಯಾಲೆ ಮಾತಾಡೂ ಮುಂದ ನಾ ಯಾಕ ಕೂಡಬೇಕು? ಪಾಸೋ ಫೇಲೋ ಫೋನ್ ಮಾಡ್ರಿ” ಎಂದು ಮನೆಯಲ್ಲಿಯೇ ಉಳಿದಿದ್ದರು.

ಅಧ್ಯಕ್ಷ ದೇಸಾಯಿ ಧಾರವಾಡದವರು, ಎಪ್ಪತ್ತು ದಾಟಿದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೊದಲು ತಮ್ಮ ಹೆಸರಿನ ಪುಟವನ್ನೇ ಕೇಳಿದರು. ‘ಶ್ರೀ’ ಎಂದಿತ್ತು. ಬೆರಳಿಟ್ಟು ಎರಡು ಸಲ ಓದಿದರು. “ಛಲೋ ಆತು. ಐದು ವರ್ಷ ಮಂದಿ ನನಗ ಅರಿಶಿಣ ಕುಂಕುಮಕ್ಕ ಕರದಾರ್ರೀ, ಪ್ರೂಫ್ ಬಾಯಿ,” ಎಂದರು. ಅಲ್ಲಿಂದ ಮುಂದೆ ನಾನು ಎಲ್ಲರಿಗೂ ಪ್ರೂಫ್ ಬಾಯಿ.

ಇಪ್ಪತ್ತಾರು ಪುಟ ಸಲೀಸಾಗಿ ನಡೆಯಿತು. ಇಪ್ಪತ್ತೇಳನೆಯ ಪುಟದಲ್ಲಿ ಪೆನ್ಸಿಲಿನ ಅಕ್ಷರ ಕಂಡು ದೇಸಾಯಿಯವರು ಕನ್ನಡಕ ತೆಗೆದರು.

“ಶೈಲಜಾ, ನೋಡವಾ. ನಿನಗ ವೋಟ್ ಹಾಕಿದವ್ರೊಳಗ ನಾನೂ ಒಬ್ಬ. ನಿನ್ನ ಮನಿಗೆ ಬಂದು ಉಂಡೇನಿ. ಯಾರಿಗೂ ತಕರಾರು ಇಲ್ಲ. ಆದ್ರ ದಂಪತಿ ಅಂತ ಅಚ್ಚು ಹಾಕೂದು ಬ್ಯಾರೆ ಮಾತು. ಸರಕಾರನ ಒಪ್ಪಿಲ್ಲ, ನಾವು ಹ್ಯಾಂಗ ಒಪ್ಪೋದು?”

“ಸರಕಾರ ನಮ್ಮ ವಿಳಾಸ ಪುಸ್ತಕ ಓದಲ್ಲ, ದೇಸಾಯಿಯವರೇ,” ಎಂದರು ಶೈಲಜಾ. “ಉಷಾ ಬಿದ್ದಾಗ ಫೋನ್ ಮಾಡೋರು ಓದ್ತಾರೆ.” ಆಮೇಲೆ ಸಂಘದ ನಿಯಮಾವಳಿ ತೆರೆದು ಓದಿದರು: “ದಂಪತಿ ಸದಸ್ಯತ್ವ: ಸದಸ್ಯರು ಮತ್ತು ಅವರ ಮನೆಯವರು. ಇಷ್ಟೇ ಬರೆದಿರೋದು. ಗಂಡ ಅಂತಿಲ್ಲ, ಹೆಂಡತಿ ಅಂತಿಲ್ಲ.”

ಎಲ್ಲರೂ ದೇಸಾಯಿಯವರ ಕಡೆ ನೋಡಿದರು. ಆ ನಿಯಮಾವಳಿಯನ್ನು ಬರೆದವರು ದೇಸಾಯಿಯವರ ತಂದೆ ಎಂದು ನನ್ನ ಪಕ್ಕದಲ್ಲಿದ್ದ ಪ್ರಿಯಾ ಮೆಲ್ಲಗೆ ಹೇಳಿದಳು. ಪವಾಯಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ, ಸಮಿತಿಯ ಅತಿ ಕಿರಿಯ ಸದಸ್ಯೆ ಅವಳು.

“ನಮ್ಮ ಅಪ್ಪ ಹೆಂಡತಿ ಅನ್ನೂ ಶಬ್ದ ಬಾಯಾಗ ತಂದವರಲ್ಲ,” ಎಂದರು ದೇಸಾಯಿ ನಿಧಾನವಾಗಿ. “ಅವ್ವನ್ನ ಕರಿಯೂದು ಮನಿಯವರ ಅಂತ. ಸಂಕೋಚಕ್ಕ ಹಂಗ ಬರದಾರ. ಅವರ ಮನಸಿನ್ಯಾಗ ಇದ್ದ ಅರ್ಥ ಬ್ಯಾರೆ.” ಆಮೇಲೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು. “ನೀವು ಭಾಷಾ ಕಲತವರು. ಇದರ ಅರ್ಥ ಏನು, ನೀವ ಹೇಳ್ರಿ.”

ನಾನು ಬಂದಿದ್ದು ಕಾಗುಣಿತ ನೋಡಲು. ಏಳು ಜನ ನನ್ನ ಮುಖ ನೋಡುತ್ತಿದ್ದರು. ಇದು ನನ್ನ ಕೆಲಸವಲ್ಲ ಎನ್ನಬಹುದಿತ್ತು, ಆ ವಾಕ್ಯ ನಾಲಿಗೆಯ ತುದಿಯಲ್ಲಿಯೇ ಇತ್ತು. ಕುರ್ಲಾದಲ್ಲಿ ಇಳಿಯಬೇಕಾದವಳು ಅದನ್ನು ಹೇಳದೆ ಮುಂದಿನ ಸ್ಟೇಷನ್ನಿಗೆ ಹೋದದ್ದು ನೆನಪಾಯಿತು.

“ಆ ಪದಕ್ಕೆ ಲಿಂಗವಿಲ್ಲ,” ಎಂದೆ. “ಗೌರವಕ್ಕೆ ಬಹುವಚನ ಹಾಕಿದ ಕೂಡಲೇ ಗಂಡು ಹೆಣ್ಣು ಎಂಬ ಭೇದ ಹೋಗುತ್ತದೆ. ಗಂಡ ಹೆಂಡತಿಯನ್ನೂ ಹೆಂಡತಿ ಗಂಡನನ್ನೂ ಹಾಗೇ ಕರೆಯುತ್ತಾರೆ. ಮನೆಯಲ್ಲಿ ತನ್ನ ಜೊತೆಗೆ ಬಾಳುವವರು ಯಾರು ಎಂದಷ್ಟೇ ಅದು ಹೇಳುತ್ತದೆ. ನಿಮ್ಮ ತಂದೆಯವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಅವರು ಬರೆದದ್ದರಲ್ಲಿ ತಪ್ಪಿಲ್ಲ, ನಾನಾದರೆ ಅದನ್ನು ತಿದ್ದುವುದಿಲ್ಲ.”

“ನಿಮ್ಮ ಮೈಸೂರ ಕಡೆನೂ ಹಿಂಗ ಅಂತಾರೇನು?”

“ಅಂತಾರೆ.”

ದೇಸಾಯಿಯವರು ಕನ್ನಡಕ ಒರೆಸತೊಡಗಿದರು. “ಖರೇ. ಆದ್ರ ಮಂದಿ ಏನಂತಾರ? ಎರಡು ಹೆಣ್ಣುಮಕ್ಕಳ ಹೆಸರು ಒಂದ ಸಾಲಿನ್ಯಾಗ ನೋಡಿ…”

“ಏನೂ ಅನ್ನೂದಿಲ್ಲ,” ಎಂದರು ಕಮಲಾಬಾಯಿ, ಚಕ್ಕುಲಿಯ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾ. “ಐದು ವರ್ಷ ಆ ಪುಸ್ತಕದಾಗ ನಾ ಶ್ರೀಮತಿ, ನೀವೂ ಶ್ರೀಮತಿ. ಒಂದ ಸಾಲಿನ್ಯಾಗ ಇದ್ವಿ, ದಂಪತಿ ಅನ್ನೂ ಹೆಡ್ಡಿಂಗಿನ ಕೆಳಗ. ಸಂಘ ಬಿತ್ತೇನು? ಟ್ಯಾಂಕ್ ಸೋರತಿತ್ತು ಅಷ್ಟ, ಅದನ್ನೂ ಇಕಿನ ಹೊಸಾದು ಹಾಕ್ಸಿದ್ಲು.”

ಮೊದಲು ನಕ್ಕದ್ದು ಪ್ರಿಯಾ. “ಅಂಕಲ್, ಆಂಟಿ ಸಹೀ ಬೋಲ್ ರಹೀ ಹೈ. ನೀವು… ಏನಂತಾರೆ ಅದಕ್ಕೆ… ಆಲ್‌ರೆಡಿ ಫಸ್ಟ್ ಜೋಡಿ,” ಎಂದಳು. ಆಮೇಲೆ ಎಲ್ಲರೂ ನಕ್ಕರು. ಕೊನೆಗೆ ದೇಸಾಯಿಯವರೂ, ಬಾಯಿಗೆ ಕೈ ಅಡ್ಡ ಹಿಡಿದು.

ಎಲ್ಲ ಒಂದೇ ಪೆಟ್ಟಿಗೆ ಬಗೆಹರಿಯಿತು ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಇನ್ನೂ ಒಂದು ಗಂಟೆ ಮಾತಾಯಿತು. ಒಬ್ಬರು ಏಳುವ ಮುನ್ನ ತಮ್ಮ ಅಸಮ್ಮತಿಯನ್ನು ಬರೆಸಿದರು. ಕೊನೆಗೆ ಪುಸ್ತಕದಲ್ಲಿ ಮನೆಯವರ ಕಾಲಮ್ಮಿನಲ್ಲಿ ಉಷಾ ಅವರ ಹೆಸರು, ತುರ್ತಿಗೆ ಶೈಲಜಾ ಅವರ ನಂಬರು ಎಂದಾಯಿತು. ‘ದಂಪತಿ’ ಎಂಬ ಹೆಡ್ಡಿಂಗಿನ ಕೆಳಗೆ ಅವರನ್ನು ತರುವ ಪ್ರಶ್ನೆ ವಾರ್ಷಿಕ ಮಹಾಸಭೆಗೆ ಹೋಯಿತು. ಅದು ದೊಡ್ಡ ಸಭೆ, ಅಲ್ಲಿ ಚಕ್ಕುಲಿ ಎಲ್ಲರಿಗೂ ಸಾಲುವುದಿಲ್ಲ.

“ಪೆನ್ ಕೊಡ್ರಿ,” ಎಂದರು ದೇಸಾಯಿ. ನನ್ನ ಪೆನ್ಸಿಲಿನ ಅಕ್ಷರದ ಮೇಲೆಯೇ ಅವರು ಉಷಾ ಎಂದು ಬರೆದರು. ಹಳೆಯ ಕಾಲದ ದುಂಡು ಅಕ್ಷರ. ಮೂವತ್ತೊಂದನೆಯ ಪುಟಕ್ಕೆ ಹೋಗಿ ‘ಕುಮಾರಿ ಉಷಾ’ ಎಂಬ ಸಾಲನ್ನು ಅವರೇ ಹೊಡೆದು ಹಾಕಿದರು.

ಶೈಲಜಾ ಹೊರಗೆ ಹೋಗಿ ಫೋನ್ ಮಾಡಿದರು. ಕಿಟಕಿಯಿಂದ ಅವರ ಮಾತು ಕೇಳುತ್ತಿತ್ತು. “ಹಾಂ, ಅರ್ಧ ಪಾಸ್… ಇಲ್ಲ, ಉಳಿದರ್ಧ ಡಿಸೆಂಬರಿನಲ್ಲಿ… ನಾಳೆಯಿಂದಾನೇ ಮನೆಮನೆಗೆ ಹೋಗ್ಬೇಕು, ನಾನೂರು ಮನೆ ಇದೆ. ಅಲ್ಲಾ, ಅನ್ನಕ್ಕಿಟ್ಟೆಯಾ ಇಲ್ವಾ?”

ಮತ್ತೆ ದಾದರ್

ಹೊರಡುವ ದಿನ ಕುರ್ಲಾದಿಂದ ದಾದರಿಗೆ ಲೋಕಲಿನಲ್ಲಿ ಬಂದೆ. ಈ ಸಲ ಎದುರಿನವರು ಕೇಳುವ ಮೊದಲೇ “ದಾದರ್” ಎಂದೆ. ಆಕೆ ತೃಪ್ತಿಯಿಂದ ತಲೆಯಾಡಿಸಿ, ಶೀವ್ ಸ್ಟೇಷನ್ ಬರುತ್ತಿದ್ದಂತೆ ನನ್ನನ್ನು ಎಬ್ಬಿಸಿ, ಬಾಗಿಲಿನವರೆಗೆ ದಾರಿ ಮಾಡಿಸಿಕೊಟ್ಟು, ನನ್ನ ಸೀಟಿನಲ್ಲಿ ಕೂತರು.

ಮೈಸೂರಿನ ರೈಲು ಹೊರಟ ಮೇಲೆ ಚೀಲದಲ್ಲಿ ಕರಡಿನ ಕಟ್ಟನ್ನು ಸರಿಮಾಡುತ್ತಿದ್ದಾಗ ದೇಸಾಯಿಯವರು ಕೊಟ್ಟ ಕಾಗದ ಸಿಕ್ಕಿತು. ಹಾಲ್‌ನಿಂದ ಏಳುವಾಗ ಅವರು ಅದನ್ನು ನನ್ನ ಕೈಗಿತ್ತಿದ್ದರು: ಪರ ಊರಿನವರ ಸದಸ್ಯತ್ವದ ಅರ್ಜಿ. “ನೀವು ನಮಗ ಹೊರನಾಡಿನವರು ಅಂತೀರಿ. ನಮಗ ನೀವ ಹೊರನಾಡಿನವರು. ಮುಂದಿನ ಪುಸ್ತಕದಾಗ ನಿಮ್ಮ ಹೆಸರೂ ಇರಲಿ, ಅದರಾಗೂ ಒಂದು ತಪ್ಪು ನಾವ ಮಾಡ್ತೀವಿ,” ಎಂದಿದ್ದರು.

ಹೆಸರು, ವಿಳಾಸ, ವೃತ್ತಿ. ನಾಲ್ಕನೆಯದು ಮನೆಯವರ ಹೆಸರು. ಮೊದಲ ಮೂರನ್ನು ಬೇಗ ತುಂಬಿದೆ. ನಾಲ್ಕನೆಯದಕ್ಕೆ ಅಭ್ಯಾಸದಂತೆ ಪೆನ್ಸಿಲ್ ತೆಗೆದೆ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಅದನ್ನು ಒಳಗಿಟ್ಟೆ. ಪೆನ್ನಿನಲ್ಲಿ ‘ಚಾರುಲತಾ’ ಎಂದು ಬರೆದು, ಫೋಟೋ ತೆಗೆದು ಅವಳಿಗೆ ಕಳಿಸಿದೆ. ಜೊತೆಗೆ ಒಂದು ಮಾತನ್ನೂ ಬರೆಯಲಿಲ್ಲ.

ರೈಲು ಕಲ್ಯಾಣ ದಾಟುವವರೆಗೆ ಉತ್ತರವಿರಲಿಲ್ಲ. ನಾನು ಎರಡು ಸಲ ಫೋನ್ ತೆಗೆದು ಸಿಗ್ನಲ್ ನೋಡಿದೆ. ಆಮೇಲೆ ಬಂತು.

“ಕರಡು ತಿದ್ದುವವಳೇ, ನನ್ನ ಇನಿಷಿಯಲ್ ಎಲ್ಲಿ?”

ಚೌಕದಲ್ಲಿ ಜಾಗ ಉಳಿದಿರಲಿಲ್ಲ. ಗೆರೆಯ ಆಚೆಗೆ, ಪೆನ್ನಿನಲ್ಲೇ, ಸೇರಿಸಿದೆ.